ತೆಗೆದ ದುಡ್ಡನ್ನು ಆಗಸ್ಟಿನಲ್ಲೇ ಮರಳಿ ಹಾಕಿದೆ

2021ರಲ್ಲಿ ಕೆನಡಾಕ್ಕೆ ಬಂದು ಬ್ರಾಂಪ್ಟನ್‌ನಲ್ಲಿ ಮನೆ ಹಿಡಿದ ಮೇಲೆ ನಾನು ಮೊದಲು ತೆರೆದ ಉಳಿತಾಯ ಖಾತೆ ಟಿಎಫ್‌ಎಸ್‌ಎ, ಅಂದರೆ ತೆರಿಗೆ ಮುಕ್ತ ಉಳಿತಾಯ ಖಾತೆ. ಅದರಲ್ಲಿ ದುಡ್ಡು ಬೆಳೆದರೂ, ತೆಗೆದರೂ ಇಲ್ಲಿ ತೆರಿಗೆ ಇಲ್ಲ. ಹಾಕಲು ಮಾತ್ರ ವರ್ಷಕ್ಕೊಂದು ಮಿತಿ ಇದೆ, ಆ ಮಿತಿಗಳು ವರ್ಷದಿಂದ ವರ್ಷಕ್ಕೆ ಕೂಡುತ್ತಾ ಹೋಗುತ್ತವೆ. ಆಫೀಸಿನಲ್ಲಿ ಒಬ್ಬರು 75,500 ಡಾಲರ್ ಹಾಕಬಹುದು ಅಂದರು. ಅದು 2009ರಲ್ಲಿ ಯೋಜನೆ ಶುರುವಾದಾಗಲೇ 18 ತುಂಬಿ ಇಲ್ಲಿದ್ದವರ ಲೆಕ್ಕ. ವಲಸೆ ಬಂದವರಿಗೆ ಎಣಿಕೆ ಶುರುವಾಗುವುದು ಇಲ್ಲಿಯ ನಿವಾಸಿಯಾದ ವರ್ಷದಿಂದ. ಡಿಸೆಂಬರಿನಲ್ಲಿ ಬಂದಿಳಿದರೂ ಆ ವರ್ಷದ ಮಿತಿ ಪೂರ್ತಿ ಸಿಗುತ್ತದೆ. ನನ್ನ ಪಾಲಿಗೆ 2021 ಮತ್ತು 2022ಕ್ಕೆ ತಲಾ 6,000, 2023ಕ್ಕೆ 6,500, ಒಟ್ಟು 18,500. ಮೊದಲೆರಡು ವರ್ಷದ್ದನ್ನು ಆಗಲೇ ಹಾಕಿದ್ದೆ, 2023ರ ಜನವರಿಯಲ್ಲಿ ಉಳಿದ 6,500 ಅನ್ನೂ ತುಂಬಿದ್ದೆ.

ಏಪ್ರಿಲ್‌ನಲ್ಲಿ ತಂಗಿಯ ಮದುವೆಗೆಂದು 5,000 ತೆಗೆದೆ. ಆಗಸ್ಟಿನಲ್ಲಿ ಕೈಗೆ ದುಡ್ಡು ಬಂತು. ಸಿಆರ್‌ಎ, ಅಂದರೆ ಇಲ್ಲಿಯ ತೆರಿಗೆ ಇಲಾಖೆಯ ಆನ್‌ಲೈನ್ ಖಾತೆ ತೆರೆದು ನೋಡಿದರೆ 6,500 ರೂಮ್ (ಇನ್ನೂ ಹಾಕಬಹುದಾದ ಜಾಗ) ಇದೆ ಎಂದು ಕಂಡಿತು. ಪಕ್ಕದಲ್ಲೇ ಇದ್ದ 'ಜನವರಿ 1ಕ್ಕೆ ಇದ್ದಂತೆ' ಎಂಬ ಸಾಲನ್ನು ನಾನು ಓದಲಿಲ್ಲ. ಬ್ಯಾಂಕುಗಳು ವರ್ಷದ ವಿವರವನ್ನು ಸಿಆರ್‌ಎಗೆ ಕೊಡುವುದು ಮರುವರ್ಷ ಫೆಬ್ರವರಿಯ ಕೊನೆಯೊಳಗೆ. ಜನವರಿಯಲ್ಲಿ ನಾನೇ ತುಂಬಿದ 6,500 ಅಲ್ಲಿ ಇಳಿದಿರಲಿಲ್ಲ. 5,000 ಮರಳಿ ಹಾಕಿಬಿಟ್ಟೆ. ತೆಗೆದ ಮೊತ್ತದಷ್ಟು ಜಾಗ ಮತ್ತೆ ಸಿಗುವುದು ಮುಂದಿನ ಜನವರಿ 1ಕ್ಕೆ. ಊರಿನ ಪಿಪಿಎಫ್‌ನಲ್ಲಿ ವರ್ಷಕ್ಕೆ ಒಂದೂವರೆ ಲಕ್ಷ ದಾಟಿದ ದುಡ್ಡಿಗೆ ಬಡ್ಡಿ ಬರುವುದಿಲ್ಲ, ಅಷ್ಟೇ. ಇಲ್ಲಿ ಹೆಚ್ಚುವರಿ ಮೊತ್ತಕ್ಕೆ ತಿಂಗಳಿಗೆ ಶೇಕಡಾ 1ರಷ್ಟು ತೆರಿಗೆ ಬೀಳುತ್ತದೆ.

ನವೆಂಬರಿನಲ್ಲಿ ಸ್ಟೇಟ್‌ಮೆಂಟ್‌ಗಳನ್ನು ಹರಡಿಕೊಂಡು ಕೂತಾಗ ಗೊತ್ತಾಯಿತು. ಅಂದೇ 5,000 ವಾಪಸ್ ತೆಗೆದೆ. ತಿಂಗಳ ನಡುವೆ ತೆಗೆದರೂ ಆ ತಿಂಗಳು ಲೆಕ್ಕಕ್ಕೆ ಬರುತ್ತದೆ, ಹಾಗಾಗಿ ನಾಲ್ಕು ತಿಂಗಳು, ತಿಂಗಳಿಗೆ 50ರಂತೆ 200 ಡಾಲರ್. ಈ ತೆರಿಗೆಯ ಲೆಕ್ಕ ಕೊಡುವ ಆರ್‌ಸಿ243 ಫಾರಂ ತುಂಬಿ, ಮರುವರ್ಷ ಜೂನ್ 30ರ ಗಡುವಿನೊಳಗೆ ಕಟ್ಟಿದೆ. ನಿಜವಾದ ತಪ್ಪು ತಿಳಿವಳಿಕೆಯಿಂದ ಆಗಿದ್ದು ಎಂದು ವಿವರಿಸಿ ಮನ್ನಾ ಕೋರಿ ಪತ್ರ ಬರೆಯಲು ಅವಕಾಶವಿದೆ, ಆದರೆ ಕೂಡಲೇ ಹಣ ತೆಗೆದಿರಬೇಕು.

ಅಂದಿನಿಂದ ನನ್ನದೇ ಒಂದು ನೋಟ್‌ಬುಕ್ ಇದೆ. ಎಡಕ್ಕೆ ಹಾಕಿದ್ದು, ಬಲಕ್ಕೆ ತೆಗೆದಿದ್ದು, ತಾರೀಕಿನ ಸಮೇತ. ಎರಡು ಬ್ಯಾಂಕಿನಲ್ಲಿ ಖಾತೆಯಿದ್ದರೂ ಮಿತಿ ಒಂದೇ, ಆದ್ದರಿಂದ ಪುಟವೂ ಒಂದೇ. ಬಡ್ಡಿ, ಡಿವಿಡೆಂಡ್ ಅದರಲ್ಲಿ ಬರೆಯುವುದಿಲ್ಲ, ಅವು ಮಿತಿಯನ್ನು ತಿನ್ನುವುದಿಲ್ಲ. ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ಹೋಗಬೇಕಾದಾಗ ದುಡ್ಡನ್ನು ನಾನು ಮುಟ್ಟಲಿಲ್ಲ. ಹೊಸ ಬ್ಯಾಂಕಿನ ಟ್ರಾನ್ಸ್‌ಫರ್ ಫಾರಂಗೆ ಸಹಿ ಹಾಕಿ ಅವರಿಂದಲೇ ನೇರವಾಗಿ ತರಿಸಿಕೊಂಡೆ. ನಾನೇ ತೆಗೆದು ಹಾಕಿದ್ದರೆ ಅದು ಹೊಸ ಜಮೆ ಆಗುತ್ತಿತ್ತು.

2024ರ ಜನವರಿ ಮೊದಲ ವಾರ ನೋಟ್‌ಬುಕ್ಕಿನಲ್ಲಿ ಕೂಡಿ ಕಳೆದು ನೋಡಿದೆ. ಆ ವರ್ಷದ 7,000, ಜೊತೆಗೆ ಮದುವೆಗೆ ತೆಗೆದ 5,000, ಒಟ್ಟು 12,000 ಜಾಗ ಇತ್ತು. ಆಮೇಲೆಯೇ 5,000 ಹಾಕಿದೆ.