ನೊಗವಿಲ್ಲದ ಎತ್ತು, ಸಿಗರೇಟು ಪ್ಯಾಕಿನ ಬೇಗಡೆ

ದುಡಿದು ದಣಿದ ಜೀವವನ್ನು ಚಿತ್ರಿಸು ಅಂದರೆ ಮೊದಲು ಹೊಳೆಯುವುದು ಹೆಗಲ ಮೇಲಿನ ನೊಗ, ಬೆನ್ನ ಮೇಲಿನ ಮೂಟೆ. ಕೊರಿಯಾದ ಚಿತ್ರಕಾರ ಲೀ ಜುಂಗ್‌ಸೊಪ್ (1916–1956) ಅವರ ಎತ್ತುಗಳನ್ನು ನಕಲು ಮಾಡಲು ನಾನು ಕೂತದ್ದೇ ಈ ಕಾರಣಕ್ಕೆ. ಅವರ ‘ಬಿಳಿ ಎತ್ತಿ’ಗೆ ನೊಗವೂ ಇಲ್ಲ, ನೇಗಿಲೂ ಇಲ್ಲ. ಆದರೂ ಮೈಯೊಳಗಿನ ಎಲುಬೆಲ್ಲ ದಪ್ಪ ಗೆರೆಗಳಾಗಿ ಎದ್ದು, ಎಳೆಯಲಾಗದ್ದನ್ನು ಎಳೆಯುತ್ತಿರುವಂತೆ ಕಾಣುತ್ತದೆ. 1954ರಲ್ಲಿ ಬರೆದ ಇನ್ನೊಂದು ಚಿತ್ರದಲ್ಲಿ ಎತ್ತಿಗೆ ನಿಜಕ್ಕೂ ಗಾಡಿ ಕಟ್ಟಿದೆ. ಗಾಡಿಯಲ್ಲಿ ತಾಯಿ, ಇಬ್ಬರು ಮಕ್ಕಳು. ಎತ್ತು ನಡೆಸುತ್ತಿರುವವನು ಅಪ್ಪ. ಆ ಎತ್ತು ಮಾತ್ರ ಜಾತ್ರೆಗೆ ಹೊರಟಷ್ಟು ಹಗುರ! ಕೊರಿಯಾ ಯುದ್ಧದಿಂದಾಗಿ ಉತ್ತರದ ವೊನ್ಸಾನ್ ಊರು ಬಿಟ್ಟು ದಕ್ಷಿಣಕ್ಕೆ ಓಡಿಬಂದ ಸಂಸಾರ ಅವರದು. ಹೆಂಡತಿ ಮಕ್ಕಳು 1952ರಲ್ಲೇ ಜಪಾನಿಗೆ ಹೋಗಿದ್ದರು. ಹೊರಲು ಯಾರೂ ಇಲ್ಲದಿರುವುದೇ ಅವರ ಭಾರ ಅಂತ ನಾನು ಓದಿಕೊಂಡೆ.

ನಕಲು ಮಾಡುವಾಗ ಕೈ ತಡೆದದ್ದು ಒಂದು ಕಡೆ. ಹಳ್ಳಿಕಾರ್ ಎತ್ತು ಬರೆದು ರೂಢಿಯಾದವರಿಗೆ ಬಲವೆಲ್ಲ ಹೆಗಲ ಡುಬ್ಬದಲ್ಲೇ ಕಾಣುತ್ತದೆ. ಕೊರಿಯಾದ ಎತ್ತಿಗೆ ಡುಬ್ಬವೇ ಇಲ್ಲ. ಹಾಗಾಗಿ ಕುತ್ತಿಗೆಯ ಬುಡದಿಂದ ಮುಂಗಾಲಿನವರೆಗೆ ಒಂದೇ ಉಸಿರಿಗೆ ಗೆರೆ ಎಳೆಯಬೇಕು. ನಡುವೆ ಕುಂಚ ನಿಂತರೆ ಎತ್ತು ಗೊಂಬೆಯಾಗುತ್ತದೆ.

ನನಗೆ ಹೆಚ್ಚು ಕಲಿಸಿದ್ದು ಅವರ ಬೇಗಡೆ ಚಿತ್ರಗಳು. ಸಿಗರೇಟು ಪ್ಯಾಕಿನೊಳಗಿನ ಬೆಳ್ಳಿ ಹಾಳೆಯ ಮೇಲೆ ಚೂಪಾದದ್ದರಿಂದ ಗೀರಿ, ಬಣ್ಣ ಸವರಿ, ಒಣಗುವ ಮೊದಲೇ ಒರೆಸುತ್ತಿದ್ದರು; ಗೀರಿನಲ್ಲಿ ಮಾತ್ರ ಬಣ್ಣ ಉಳಿಯುತ್ತಿತ್ತು. ಕ್ಯಾನ್ವಾಸಿಗೆ ಕಾಸಿಲ್ಲದ್ದಕ್ಕೆ ಹೀಗೆ ಮಾಡಿದರು ಅನ್ನುತ್ತಾರೆ. ಬಡತನವಿತ್ತು, ನಿಜ. ಆದರೆ ಹಳೆಯ ಕೊರಿಯಾದ ಪಿಂಗಾಣಿಯಲ್ಲಿ ಗೆರೆ ಕೊರೆದು ಬೇರೆ ಬಣ್ಣದ ಮಣ್ಣು ತುಂಬುವ ಕೆಲಸ ನೋಡಿದವರಿಗೆ ಇದು ಬರೀ ಗತಿಗೇಡು ಅನ್ನಿಸುವುದಿಲ್ಲ. ಇಂಥ ಮೂರು ಚಿತ್ರಗಳು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿವೆ.

ನಾನು ಮಾಡಿದ್ದು ಹೀಗೆ. ಅಡುಗೆಮನೆಯ ಫಾಯಿಲ್ ತೆಳು, ಬೇಗ ಹರಿಯುತ್ತದೆ. ಅದನ್ನು ಡ್ರಾಯಿಂಗ್ ಹಾಳೆಗೆ ಅಂಟಿಸಿ ಪೂರ್ತಿ ಒಣಗಲು ಬಿಟ್ಟೆ. ಕೆಳಗೆ ನಾಲ್ಕಾರು ಮಡಿಕೆ ನ್ಯೂಸ್‌ಪೇಪರ್. ಗೀರಲು ಇಂಕು ಮುಗಿದ ಬಾಲ್‌ಪೆನ್. ಆಮೇಲೆ ಕಂದು ಎಣ್ಣೆಬಣ್ಣಕ್ಕೆ ಅಗಸೆ ಎಣ್ಣೆ ಸ್ವಲ್ಪ ಬೆರೆಸಿ ಬೆರಳಲ್ಲೇ ಉಜ್ಜಿ, ಹಳೇ ಕಾಟನ್ ಬಟ್ಟೆಯಿಂದ ಒರೆಸಿದೆ. ಬಟ್ಟೆಯನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಳ್ಳಿ; ಸಡಿಲವಿದ್ದರೆ ಗೀರಿನೊಳಗಿನ ಬಣ್ಣವೂ ಎದ್ದು ಬರುತ್ತದೆ. ರಬ್ಬರಿಗೆ ಇಲ್ಲಿ ಕೆಲಸವಿಲ್ಲ, ಗೀರಿದ್ದು ಗೀರಿದ ಹಾಗೇ.

ಕೈ ಪಳಗಿಸಲು ಎತ್ತಿಗಿಂತ ಏಡಿ ಒಳ್ಳೆಯದು. 1951ರಲ್ಲಿ ಜೇಜು ದ್ವೀಪದ ಸೊಗ್ವಿಪೊದಲ್ಲಿ, ಸುಮಾರು 50 ಚದರ ಅಡಿಯ ಕೋಣೆಯಲ್ಲಿ ನಾಲ್ಕೂ ಜನ ಇದ್ದಾಗ, ಅವರ ಹಸಿವು ನೀಗಿಸಿದ್ದು ಕಡಲ ದಂಡೆಯ ಏಡಿಗಳು. ತಿಂದ ಪಾಪಕ್ಕೆ ಅವನ್ನು ಬರೆದರು ಎಂಬ ಮಾತೂ ಇದೆ. ಚಿತ್ರಗಳಲ್ಲಂತೂ ಏಡಿಗಳದ್ದೇ ಮೇಲುಗೈ, ಬೆತ್ತಲೆ ಹುಡುಗರ ಜೊತೆ ದಾರ ಎಳೆದಾಡುತ್ತಾ ಕುಣಿಯುತ್ತವೆ. ಏಡಿಯ ಕಾಲು ಗಿಡ್ಡ ಗಿಡ್ಡ ಗೀರುಗಳು. ಒಂದೆರಡು ಅಡ್ಡಾದಿಡ್ಡಿಯಾದರೂ ಓಡುವ ಏಡಿಗೆ ಅದು ಒಪ್ಪುತ್ತದೆ. ಫಾಯಿಲ್ ಅಂಟಿಸುವಾಗ ಬಿದ್ದ ಸುಕ್ಕುಗಳನ್ನು ನಾನು ತೀಡಲು ಹೋಗಲಿಲ್ಲ. ಬಣ್ಣ ಅಲ್ಲೂ ನಿಂತು ಅಲೆಗಳಾಯಿತು.