ತಿಂಗಳಿಗೆ ಎರಡೇ ದಿನ ರಜೆ, ಅಲ್ವಾ? ಮಕ್ಕಳ ಗೈರುಹಾಜರಿ ತಗ್ಗಿಸುವುದು ಹೀಗೆ

ಉಡುಪಿಯ ಮಲ್ಪೆ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ಐದನೇ ತರಗತಿಗೆ ಪಾಠ ಮಾಡುತ್ತಿದ್ದಾಗ ನನ್ನ ಬಳಿ ಒಬ್ಬ ಹುಡುಗಿ ಇದ್ದಳು. ಓದಿನಲ್ಲಿ ಚುರುಕು. ಆದರೆ ಮಾರ್ಚ್ ಬಂತೆಂದರೆ ದಿನ ಬಿಟ್ಟು ದಿನ ಕಾಣೆ. ಕೇಳಿದರೆ "ಹೊಟ್ಟೆನೋವು ಟೀಚರ್" ಎನ್ನುತ್ತಿದ್ದಳು. ಎರಡು ಸಲ ಗದರಿದೆ, ಏನೂ ಬದಲಾಗಲಿಲ್ಲ. ಕೊನೆಗೊಂದು ದಿನ ಹಾಜರಿ ಪುಸ್ತಕ ಬಿಡಿಸಿ ಅವಳ ಸಾಲನ್ನು ಮಾತ್ರ ನೋಡಿದೆ. ಸೋಮವಾರ ಇಲ್ಲ, ಮಂಗಳವಾರ ಇದ್ದಾಳೆ, ಬುಧವಾರ ಇಲ್ಲ. ಹೊಟ್ಟೆನೋವು ಇಷ್ಟು ಲೆಕ್ಕ ಹಾಕಿಕೊಂಡು ಬರುತ್ತದೆಯೇ?

ಅವತ್ತು ಸಂಜೆ ಮನೆಗೆ ಹೋದಾಗ ಗೊತ್ತಾಯಿತು. ಬೇಸಿಗೆಯಲ್ಲಿ ಅವರ ಕೇರಿಗೆ ನಳ್ಳಿ ನೀರು ಬರುತ್ತಿದ್ದದ್ದು ದಿನ ಬಿಟ್ಟು ದಿನ, ಅದೂ ಬೆಳಿಗ್ಗೆ ಒಂಬತ್ತೂವರೆಗೆ. ತಾಯಿ ನಸುಕಿನಲ್ಲೇ ಮೀನಿನ ಬುಟ್ಟಿ ಹಿಡಿದು ಬಂದರಿನ ದಕ್ಕೆಗೆ ಹೋಗಿರುತ್ತಿದ್ದರು. ನೀರು ಹಿಡಿಯಲು ಮನೆಯಲ್ಲಿ ಉಳಿಯುತ್ತಿದ್ದವಳು ಇವಳೊಬ್ಬಳೇ. ಪಕ್ಕದ ಮನೆಯ ಅಕ್ಕನನ್ನು ಕೇಳಿಕೊಂಡೆವು. "ನಾಲ್ಕು ಕೊಡ ತಾನೆ, ನಾನೇ ಹಿಡಿದಿಡ್ತೇನೆ" ಎಂದರು. ಮರುವಾರದಿಂದ ಹುಡುಗಿ ದಿನಾ ಬಂದಳು.

ಮಗು ಯಾಕೆ ಬರುತ್ತಿಲ್ಲ ಎಂಬುದರ ಅರ್ಧ ಉತ್ತರ ಹಾಜರಿ ಪುಸ್ತಕದಲ್ಲೇ ಇರುತ್ತದೆ. ಉಳಿದರ್ಧ ಮನೆಯಲ್ಲಿರುತ್ತದೆ. ಎರಡನ್ನೂ ಓದುವುದು ಹೇಗೆಂದು ಶಿಕ್ಷಕರಿಗೆ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರಿಗೆ, ಹೆತ್ತವರಿಗೆ ಇಲ್ಲಿ ಹೇಳುತ್ತೇನೆ.

1. ತರಗತಿಯ ಸರಾಸರಿ ಬಿಡಿ, ಮಗುವಿನ ಸಾಲು ನೋಡಿ

"ನಮ್ಮಲ್ಲಿ ಶೇ 90 ಹಾಜರಿ ಇದೆ" ಎಂದು ಸಭೆಯಲ್ಲಿ ಹೇಳಿ ನಾವೆಲ್ಲ ನಿರಾಳವಾಗುತ್ತೇವೆ. ಒಂದು ಲೆಕ್ಕ ಮಾಡಿ ನೋಡಿ. ತರಗತಿಯಲ್ಲಿ 30 ಮಕ್ಕಳು, ತಿಂಗಳಲ್ಲಿ 20 ದಿನ ಶಾಲೆ. ಶೇ 90 ಅಂದರೆ ಒಟ್ಟು 60 ಗೈರು. ಮೂವತ್ತೂ ಮಕ್ಕಳು ತಲಾ ಎರಡು ದಿನ ತಪ್ಪಿಸಿದರೂ ಅಷ್ಟೇ ಆಗುತ್ತದೆ. ಐದು ಮಕ್ಕಳು ತಲಾ 12 ದಿನ ತಪ್ಪಿಸಿ, ಉಳಿದವರೆಲ್ಲ ದಿನಾ ಬಂದರೂ ಅಷ್ಟೇ. ಈ ಎರಡನೆಯ ಲೆಕ್ಕದಲ್ಲಿ ಐದು ಮಕ್ಕಳ ಓದು ಕೈತಪ್ಪುತ್ತಿದೆ. ಸರಾಸರಿ ಅದನ್ನು ಮುಚ್ಚಿಡುತ್ತದೆ.

ಎಷ್ಟು ದಿನ ತಪ್ಪಿದರೆ ಎಚ್ಚರವಾಗಬೇಕು? 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ವರ್ಷಕ್ಕೆ ಕನಿಷ್ಠ 200 ದಿನ ಐದನೇ ತರಗತಿವರೆಗೆ, 220 ದಿನ ಆರರಿಂದ ಎಂಟರವರೆಗೆ ಶಾಲೆ ನಡೆಯಬೇಕು. ಇದರಲ್ಲಿ ಹತ್ತನೇ ಒಂದು ಭಾಗ, ಅಂದರೆ 20ರಿಂದ 22 ದಿನ ತಪ್ಪಿದರೆ ಮಗು ಅಪಾಯದಲ್ಲಿದೆ ಎಂದು ತಿಳಿಯಿರಿ. ಅಮೆರಿಕದ ಹಲವು ರಾಜ್ಯಗಳಲ್ಲೂ ಇದೇ ಶೇ 10ರ ಗೆರೆ. ಕಾರಣ ಜ್ವರವೋ ಮದುವೆಯೋ ಎಂದು ಅವರು ಬೇರೆ ಮಾಡುವುದಿಲ್ಲ. ತಪ್ಪಿದ ಪಾಠ ತಪ್ಪಿದ್ದೇ. ಹತ್ತು ತಿಂಗಳಿಗೆ ಹಂಚಿದರೆ ಇದು ತಿಂಗಳಿಗೆ ಬರೀ ಎರಡು ದಿನ. ಹಾಗಾಗಿಯೇ ಮನೆಯಲ್ಲೂ ಶಾಲೆಯಲ್ಲೂ ಯಾರ ಕಣ್ಣಿಗೂ ಬೀಳುವುದಿಲ್ಲ.

ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಶೇ 75 ಹಾಜರಿ ಬೇಕು ಎಂಬ ನಿಯಮ ಎಲ್ಲರಿಗೂ ಗೊತ್ತು. ಆದರೆ ಆ ಗೆರೆ ಮುಟ್ಟುವವರೆಗೆ ಕಾದರೆ ಬಹಳ ತಡವಾಗುತ್ತದೆ. ಜೂನ್ ಕೊನೆಗೇ ಕೆಂಪು ಪೆನ್ಸಿಲ್ ತೆಗೆದುಕೊಳ್ಳಿ. ಎರಡು ದಿನಕ್ಕಿಂತ ಜಾಸ್ತಿ ತಪ್ಪಿಸಿದ ಹೆಸರುಗಳಿಗೆ ಸುತ್ತು ಹಾಕಿ. ಹದಿನೈದು ನಿಮಿಷದ ಕೆಲಸ.

2. ಯಾವ ದಿನ ತಪ್ಪುತ್ತಿದೆ ಎಂದು ಹುಡುಕಿ

ಸೋಮವಾರ ಮಾತ್ರವೇ? ಗಣಿತದ ಪರೀಕ್ಷೆ ಇದ್ದ ದಿನವೇ? ಸಂತೆ ದಿನವೇ? ಮಳೆ ರಜೆಯ ಮರುದಿನವೇ? ಜಿಲ್ಲಾಧಿಕಾರಿ ರಜೆ ಕೊಟ್ಟ ಮರುದಿನ ಆಕಾಶ ತಿಳಿಯಾದರೂ ಬೆಂಚು ಖಾಲಿ ಇರುವುದನ್ನು ಇಲ್ಲಿನ ಎಲ್ಲ ಶಿಕ್ಷಕರೂ ನೋಡಿರುತ್ತಾರೆ.

ಕರಾವಳಿಗೆ ಅದರದೇ ಕ್ಯಾಲೆಂಡರ್ ಇದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟು ನಿಂತಿರುತ್ತದೆ, ಮನೆಯಲ್ಲಿ ಜನ ಇರುತ್ತಾರೆ, ಕೈಯಲ್ಲಿ ದುಡ್ಡು ಕಮ್ಮಿ. ಆಗಸ್ಟ್‌ನಲ್ಲಿ ಬೋಟು ಕಡಲಿಗಿಳಿದ ಮೇಲೆ ನಸುಕಿನ ಕೆಲಸ ಶುರು. ತಮ್ಮ ತಂಗಿಯರನ್ನು ನೋಡಿಕೊಳ್ಳುವುದು ದೊಡ್ಡ ಹುಡುಗಿಯ ಪಾಲಿಗೆ ಬೀಳುತ್ತದೆ. ಆದ್ದರಿಂದ ಮಲ್ಪೆ, ಗಂಗೊಳ್ಳಿಯಂಥ ಬಂದರು ಕಡೆಯ ಶಾಲೆಗಳು ಆಗಸ್ಟ್ ಮೊದಲ ಎರಡು ವಾರ ಹಾಜರಿ ಪುಸ್ತಕವನ್ನು ದಿನಾ ನೋಡಬೇಕು. ನವೆಂಬರ್ ಕಳೆದರೆ ಯಕ್ಷಗಾನ ಮೇಳ, ದೈವಗಳ ಕೋಲ, ನೇಮ. ರಾತ್ರಿ ನಿದ್ದೆಗೆಟ್ಟ ಮಗು ಬೆಳಿಗ್ಗೆ ಏಳುವುದಿಲ್ಲ. ಬೇಡ ಎಂದರೆ ಆಗುವ ಮಾತಲ್ಲ, ಅನ್ನಲೂ ಬಾರದು. ಅದು ಅವರ ಮನೆತನದ, ಊರಿನ ವಿಷಯ. "ತಡವಾದರೂ ಪರವಾಗಿಲ್ಲ, ಹನ್ನೊಂದಕ್ಕಾದರೂ ಬಾ" ಎಂದು ಮೊದಲೇ ಹೇಳಿಡಿ. ತಡವಾಗಿ ಬಂದವನನ್ನು ಬಾಗಿಲಲ್ಲಿ ನಿಲ್ಲಿಸುವ ಶಾಲೆಗೆ ಅವನು ಮುಂದಿನ ಸಲ ಇಡೀ ದಿನ ಬರುವುದಿಲ್ಲ.

3. ಮನೆಗೆ ಹೋಗಿ, ಆದರೆ ದೂರು ಹಿಡಿದುಕೊಂಡು ಹೋಗಬೇಡಿ

ಇಡೀ ಕೆಲಸದಲ್ಲಿ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ. ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ "ನಿಮ್ಮ ಮಗು ಇಂದು ಗೈರು" ಎಂದು ಹಾಕಿದರೆ ಸಾಲದು. ಊರಿಡೀ ನೋಡುವ ಜಾಗದಲ್ಲಿ ಹಾಕುವುದಂತೂ ಬೇಡವೇ ಬೇಡ. ಮೂರನೇ ದಿನ ಫೋನ್ ಮಾಡಿ. ಆಮೇಲೂ ಬಾರದಿದ್ದರೆ ಸಂಜೆ ಹೊತ್ತು ಮನೆಗೆ ಹೋಗಿ.

ಜೊತೆಗೆ ಆ ಕೇರಿಯವರು ಒಬ್ಬರಿರಲಿ. ಎಸ್‌ಡಿಎಂಸಿಯ ತಾಯಿಯೋ, ಆಶಾ ಕಾರ್ಯಕರ್ತೆಯೋ ಇದ್ದರೆ ಬಾಗಿಲು ಬೇಗ ತೆರೆಯುತ್ತದೆ. ಮನೆಯ ಭಾಷೆಯಲ್ಲಿ ಮಾತು ಶುರು ಮಾಡಿ. ತುಳು ಮನೆಯಲ್ಲಿ "ಎಂಚ ಉಲ್ಲರ್?" (ಹೇಗಿದ್ದೀರಿ?) ಎಂದು ಕೇಳಿದರೆ ಸಾಕು, ಚಾಪೆ ಹಾಸುತ್ತಾರೆ. ಬ್ಯಾರಿ, ಕೊಂಕಣಿ ಬಂದರೆ ಇನ್ನೂ ಒಳ್ಳೆಯದು. ಕಟ್ಟಡ ಕೆಲಸಕ್ಕೆ ಬಾಗಲಕೋಟೆ, ಕೊಪ್ಪಳ ಕಡೆಯಿಂದ ಬಂದವರ ಶೆಡ್ಡಿಗೆ ಹೋದರೆ "ಆರಾಮ ಅದೀರೇನ್ರೀ?" ಎನ್ನಿ. "ಬರ್ರಿ ಅಕ್ಕೋರ, ಕುಂದರ್ರಿ" ಎಂದು ಒಳಗೆ ಕರೆಯುತ್ತಾರೆ. ಊರು ಬಿಟ್ಟು ಬಂದವರಿಗೆ ಶಾಲೆಯವರು ತಮ್ಮನ್ನು ಹುಡುಕಿಕೊಂಡು ಬಂದರು ಎನ್ನುವುದೇ ದೊಡ್ಡ ಸಂಗತಿ.

"ಯಾಕೆ ಕಳಿಸಲಿಲ್ಲ?" ಎಂದು ಕೇಳಬೇಡಿ. ಆ ಪ್ರಶ್ನೆಗೆ ಸಿಗುವ ಉತ್ತರ ಯಾವಾಗಲೂ ಜ್ವರವೇ. "ಬೆಳಿಗ್ಗೆ ಮನೆಯಲ್ಲಿ ಏನೇನು ಕೆಲಸ ಇರುತ್ತದೆ? ಯಾರು ಎಷ್ಟು ಹೊತ್ತಿಗೆ ಹೊರಡುತ್ತೀರಿ?" ಎಂದು ಕೇಳಿ. ನೀರಿನ ಕಥೆ ನನಗೆ ತಿಳಿದದ್ದು ಹೀಗೆಯೇ.

ಮಳೆಗಾಲದಲ್ಲಿ ಮಗುವನ್ನು ಕಳಿಸದ ತಾಯಿಗೆ ಉದಾಸೀನ ಎಂದು ಹೇಳುವ ಮೊದಲು ದಾರಿ ನೋಡಿ ಬನ್ನಿ. 2022ರ ಮಳೆಗಾಲದಲ್ಲಿ ಬೈಂದೂರು ತಾಲೂಕಿನಲ್ಲಿ ಶಾಲೆಯಿಂದ ಮನೆಗೆ ಮರಳುತ್ತಿದ್ದ ಪುಟ್ಟ ಹುಡುಗಿಯೊಬ್ಬಳು ಕಾಲುಸಂಕದಿಂದ (ಹಳ್ಳ ದಾಟುವ ಕಿರು ಸೇತುವೆ) ಬಿದ್ದು ನೀರುಪಾಲಾದಳು. ಅಂಥ ಸಂಕ ಇರುವಲ್ಲಿ ತಾಯಿಯ ಹೆದರಿಕೆ ಸರಿಯಾದದ್ದೇ. ಅಲ್ಲಿ ನಮ್ಮ ಕೆಲಸ ಪಂಚಾಯತಿಗೆ ಅರ್ಜಿ ಬರೆಯುವುದು, ಗಟ್ಟಿ ಸಂಕ ಆಗುವವರೆಗೆ ಮಕ್ಕಳನ್ನು ಗುಂಪಾಗಿ ಕರೆತರಲು ಹಿರಿಯರೊಬ್ಬರನ್ನು ಒಪ್ಪಿಸುವುದು.

4. ಒಂದು ಮಗುವಿಗೆ ಒಂದು ಅಡ್ಡಿ ತೆಗೆಯಿರಿ

ಕಾರಣ ಸಿಕ್ಕಿದ ಮೇಲೆ ಭಾಷಣ ಬೇಡ. ಅಡ್ಡಿ ಯಾವುದೋ ಅದನ್ನು ತೆಗೆಯಿರಿ.

ತಮ್ಮನನ್ನು ನೋಡಿಕೊಳ್ಳಲು ಉಳಿದವಳಾದರೆ, ತಮ್ಮನನ್ನು ಅಂಗನವಾಡಿಗೆ ಸೇರಿಸಿ. ಬಸ್ಸಿನ ಸಮಯ ಹೊಂದದಿದ್ದರೆ ಎಸ್‌ಡಿಎಂಸಿಯಿಂದಲೇ ಬಸ್ ಮಾಲೀಕರೊಂದಿಗೆ ಮಾತಾಡಿ. ಆರು, ಏಳನೆಯ ಹುಡುಗಿಯರು ತಿಂಗಳಿಗೆ ಮೂರು ದಿನ ತಪ್ಪುತ್ತಿದ್ದರೆ ಮನೆಗೆ ಹೋಗುವ ಮೊದಲು ಶಾಲೆಯ ಶೌಚಾಲಯಕ್ಕೆ ಹೋಗಿ. ನೀರು ಬರುತ್ತದೆಯೇ, ಚಿಲಕ ಬೀಳುತ್ತದೆಯೇ, ಪ್ಯಾಡ್ ಹಾಕಲು ಮುಚ್ಚಳದ ಬುಟ್ಟಿ ಇದೆಯೇ ನೋಡಿ.

ಹಸಿವಿನ ಮಾತನ್ನು ಮಂಗಳೂರಿಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲೇ ಕುದ್ಮುಲ್ ರಂಗರಾಯರು ದಲಿತ ಮಕ್ಕಳಿಗೆ ಇಲ್ಲಿ ಶಾಲೆ ತೆರೆದರು. ಮಕ್ಕಳು ಶಾಲೆ ಬಿಡಬಾರದೆಂದು ಮಧ್ಯಾಹ್ನ ಊಟ ಕೊಟ್ಟರು. ಇಂದು ಬಿಸಿಯೂಟದ ಅಕ್ಷರ ದಾಸೋಹ, ಹಾಲು ಕೊಡುವ ಕ್ಷೀರಭಾಗ್ಯ ಇವೆ. ಆದರೂ ಬೆಳಿಗ್ಗೆ ಬರೀ ಚಹಾ ಕುಡಿದು ಬರುವ ಮಕ್ಕಳಿದ್ದಾರೆ. ಹನ್ನೊಂದು ಗಂಟೆಗೆ ತಲೆ ಬಗ್ಗಿಸಿ ಮಲಗುವ ಮಗು ಯಾವುದು ಎಂದು ಗಮನಿಸಿ.

ಜಾತ್ರೆಗೋ ಯುಗಾದಿಗೋ ಊರಿಗೆ ಹೋಗುವ ವಲಸೆ ಕುಟುಂಬದವರು ಹದಿನೈದು ದಿನ ಎಂದು ಹೋಗಿ ಎರಡು ತಿಂಗಳು ಉಳಿಯುವುದುಂಟು. ಹೋಗುವ ಮೊದಲೇ ಮರಳುವ ದಿನ ಕೇಳಿ ಬರೆದಿಟ್ಟುಕೊಳ್ಳಿ. ಮಗುವಿನ ಚೀಲದಲ್ಲಿ ಎರಡು ಪುಸ್ತಕ, ಒಂದಷ್ಟು ಹೋಂವರ್ಕ್ ಇರಲಿ. ಅಲ್ಲೇ ಉಳಿಯುವುದಾದರೆ ಆ ಊರಿನ ಶಾಲೆಗೆ ಸೇರಿಸಲು ಹೇಳಿ. ಟಿ.ಸಿ. (ವರ್ಗಾವಣೆ ಪತ್ರ) ತಡವಾಯಿತು ಎಂಬ ಕಾರಣಕ್ಕೆ ಸೇರಿಸಿಕೊಳ್ಳದೆ ಇರುವಂತಿಲ್ಲ, ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಹಾಗಿದೆ. ಇದು ಎಷ್ಟೋ ಹೆತ್ತವರಿಗೆ ಗೊತ್ತಿಲ್ಲ.

ಮಗು ಕೆಲಸಕ್ಕೆ ಹೋಗುತ್ತಿದ್ದರೆ ಮಾತು ಬೇರೆ. 14 ವರ್ಷದೊಳಗಿನವರನ್ನು ದುಡಿಸುವುದು ಅಪರಾಧ. ಮನೆಯವರೊಂದಿಗೆ ಮಾತಾಡಿಯೂ ಆಗದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

5. ಕಾರಣ ಶಾಲೆಯಲ್ಲೇ ಇದ್ದರೆ?

ಇದನ್ನು ಒಪ್ಪಿಕೊಳ್ಳಲು ನಮಗೆ ಶಿಕ್ಷಕರಿಗೆ ಕಷ್ಟ. ಓದಲು ಬಾರದ ಮಗುವಿಗೆ ದಿನಕ್ಕೆ ಐದಾರು ಗಂಟೆ ಸುಮ್ನೆ ಕೂರುವುದು ದೊಡ್ಡ ಶಿಕ್ಷೆ. ನಾಲ್ಕು ಜನರ ಮುಂದೆ ಎದ್ದು ಓದು ಎಂದರೆ ಮರುದಿನ ಹೊಟ್ಟೆನೋವು ಬಂದೇ ಬರುತ್ತದೆ. ಕನ್ನಡ ಮನೆಮಾತಲ್ಲದ ಮಕ್ಕಳಿಗೆ ಇದು ಇನ್ನೂ ಜಾಸ್ತಿ. ದಿನಾ ಇಪ್ಪತ್ತು ನಿಮಿಷ, ಮೂರು ನಾಲ್ಕು ಮಕ್ಕಳನ್ನು ಬೇರೆ ಕೂರಿಸಿ ಅಕ್ಷರದಿಂದ ಶುರು ಮಾಡಿ. ಹೊಡೆಯುವುದು, ಹೀಯಾಳಿಸುವುದು ಎರಡನ್ನೂ ಕಾಯ್ದೆ ನಿಷೇಧಿಸಿದೆ. ಮಕ್ಕಳ ನಡುವೆಯೇ ಕಾಟ ಇದೆಯೇ ಎಂದೂ ನೋಡಿ, ಬಸ್ಸಿನಲ್ಲಿ ಮತ್ತು ಊಟದ ಸಾಲಿನಲ್ಲಿ ಅದು ಜಾಸ್ತಿ.

ಒಂದು ಕಿವಿಮಾತು. ವರ್ಷವಿಡೀ ಒಂದೂ ದಿನ ತಪ್ಪದವರಿಗೆ ಮಾತ್ರ ಬಹುಮಾನ ಎಂಬ ಪದ್ಧತಿ ನನಗೆ ಒಗ್ಗುವುದಿಲ್ಲ. ದಮ್ಮು ಕಾಯಿಲೆ ಇರುವ ಮಗು ಜೂನ್‌ನಲ್ಲೇ ಸೋತಿರುತ್ತದೆ. ಡೆಂಗಿ, ಮಲೇರಿಯಾ ಇರುವ ಊರಿನಲ್ಲಿ ಜ್ವರ ಬಂದ ಮಗು ಬಹುಮಾನದ ಆಸೆಗೆ ಶಾಲೆಗೆ ಬರಲೂಬಾರದು. ಕಳೆದ ತಿಂಗಳು ಎಂಟು ದಿನ ತಪ್ಪಿದವನು ಈ ತಿಂಗಳು ಮೂರೇ ದಿನ ತಪ್ಪಿದರೆ, ಅವನ ಹೆಸರನ್ನು ಪ್ರಾರ್ಥನೆಯ ಹೊತ್ತಿಗೆ ಹೇಳಿ.

6. ಮರಳಿ ಬಂದ ದಿನ

"ಏನಪ್ಪಾ, ದಾರಿ ನೆನಪಾಯ್ತಾ?" ಎಂದು ತಮಾಷೆಗೂ ಕೇಳಬೇಡಿ. ತರಗತಿ ನಗುತ್ತದೆ, ಮಗು ಕುಗ್ಗುತ್ತದೆ. ಅವನ ಜಾಗ ಅವನಿಗೇ ಇರಲಿ. ಪಕ್ಕದಲ್ಲಿ ಕೂರುವ ಗೆಳೆಯನಿಗೆ ಮೊದಲೇ ಹೇಳಿಡಿ, ತಪ್ಪಿದ ಪಾಠದ ನೋಟ್ಸ್ ಕೊಡಲಿ. ಮಧ್ಯಾಹ್ನ ಊಟದ ಹೊತ್ತಿಗೆ ಪಕ್ಕಕ್ಕೆ ಕರೆದು "ನೀನು ಇಲ್ಲದಿದ್ದಾಗ ಹುಡುಕಿದೆ ಮಾರಾಯ" ಎನ್ನಿ. ಸಂಜೆ ತಾಯಿಗೆ ಫೋನ್ ಮಾಡಿ, ಇವತ್ತು ಅವನು ಚೆನ್ನಾಗಿ ಮಾಡಿದ ಒಂದು ಕೆಲಸ ಹೇಳಿ. ಶಾಲೆಯಿಂದ ಒಳ್ಳೆಯ ಸುದ್ದಿಯ ಫೋನ್ ಆ ಮನೆಗೆ ಬಹುಶಃ ಅದೇ ಮೊದಲು.

ಪ್ರತಿ ತಿಂಗಳ ಕೊನೆಯ ಶನಿವಾರ ಮುಖ್ಯೋಪಾಧ್ಯಾಯರು, ತರಗತಿ ಶಿಕ್ಷಕರು, ಎಸ್‌ಡಿಎಂಸಿಯ ಇಬ್ಬರು ಅರ್ಧ ಗಂಟೆ ಕೂರಿ. ಕೆಂಪು ಸುತ್ತಿನ ಹೆಸರು ಒಂದೊಂದಾಗಿ ಓದಿ. ಪ್ರತಿ ಹೆಸರಿನ ಮುಂದೆ ಮೂರು ವಿಷಯ ಬರೆಯಿರಿ: ಕಾರಣ ಏನು, ಯಾರು ಮನೆಗೆ ಹೋಗುತ್ತಾರೆ, ಯಾವ ದಿನ. ಹೋಗಬೇಕಾದವರ ಸಹಿ ಅಲ್ಲೇ ಹಾಕಿಸಿಕೊಳ್ಳಿ.