ದೂರದೇಶದ ವ್ಯಾಪಾರ ಮೇಳದಲ್ಲಿ ಮಳಿಗೆ ಹಾಕುವ ಮುನ್ನ

ಸಾವಿರಾರು ಮೈಲಿ ದೂರದ ಖರೀದಿದಾರ ನಿಮ್ಮ ಸರಕನ್ನು ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿ, ಎದುರಿಗೇ ದರ ಕೇಳುವ ಜಾಗ ಅಂತರರಾಷ್ಟ್ರೀಯ ವ್ಯಾಪಾರ ಮೇಳ. ಆದರೆ ಅಲ್ಲಿ ಆಗುವುದು ಪರಿಚಯವಷ್ಟೇ. ವ್ಯಾಪಾರ ಕುದುರುವುದು ಮೊದಲಿನ ತಯಾರಿ ಮತ್ತು ನಂತರದ ಪತ್ರವ್ಯವಹಾರದಿಂದ.

ಮೊದಲು ಮೇಳವನ್ನು ಆರಿಸಿ. 1947ರಿಂದ ನಡೆಯುತ್ತಿರುವ ಜರ್ಮನಿಯ ಹ್ಯಾನೋವರ್ ಮೇಳ ಕೈಗಾರಿಕಾ ತಂತ್ರಜ್ಞಾನಕ್ಕೆ ಹೆಸರುವಾಸಿ. ಕೊಲೋನ್ ನಗರದ ಅನೂಗಾ ಎರಡು ವರ್ಷಕ್ಕೊಮ್ಮೆ ನಡೆಯುವ ಆಹಾರೋದ್ಯಮದ ಮೇಳ. ಚೀನಾದ ಗುವಾಂಗ್‌ಝೌನಲ್ಲಿ 1957ರಲ್ಲಿ ಶುರುವಾದ ಕ್ಯಾಂಟನ್ ಮೇಳ ವರ್ಷಕ್ಕೆರಡು ಬಾರಿ, ಸರಕಿನ ಬಗೆಗೆ ತಕ್ಕಂತೆ ಮೂರು ಹಂತಗಳಲ್ಲಿ ನಡೆಯುತ್ತದೆ. ಹಂತ ತಪ್ಪಿ ಹೋದರೆ ನಿಮಗೆ ಬೇಕಾದವರು ಸಿಗುವುದೇ ಇಲ್ಲ. ಸಾಧ್ಯವಿದ್ದರೆ ಮೊದಲ ಸಲ ಸಂದರ್ಶಕರಾಗಿಯೇ ಹೋಗಿ ಬನ್ನಿ; ಮಳಿಗೆಯ ಖರ್ಚಿಗಿಂತ ಇದು ಎಷ್ಟೋ ಅಗ್ಗ.

ಎರಡನೆಯದು ಮಾದರಿಗಳ ಸಾಗಣೆ. ಹೆಚ್ಚಿನವರು ಎಡವುವುದು ಇಲ್ಲಿಯೇ ಎಂಬುದು ನನ್ನ ಅಭಿಪ್ರಾಯ. ಪ್ರದರ್ಶಿಸಿ ಮರಳಿ ತರುವ ವಸ್ತುಗಳನ್ನು ಆ ದೇಶದಲ್ಲಿ ಆಮದು ಸುಂಕ ಕಟ್ಟದೆ ತಾತ್ಕಾಲಿಕವಾಗಿ ಒಯ್ಯಲು ಎಟಿಎ ಕಾರ್ನೆಟ್ ಎಂಬ ಸುಂಕದ ದಾಖಲೆ ಇದೆ. 1961ರ ಒಪ್ಪಂದದಿಂದ ಹುಟ್ಟಿದ ಇದನ್ನು ಆಯಾ ದೇಶದ ಅಧಿಕೃತ ವಾಣಿಜ್ಯ ಮಂಡಳಿ ಕೊಡುತ್ತದೆ. ಅವಧಿ ಗರಿಷ್ಠ ಒಂದು ವರ್ಷ. ಪಟ್ಟಿಯಲ್ಲಿ ಹತ್ತು ವಾಲ್ವ್ ಎಂದು ಬರೆದಿದ್ದರೆ ಹತ್ತೂ ಮರಳಬೇಕು. ಮೆಚ್ಚಿದ ಗ್ರಾಹಕರಿಗೆ ಒಂದನ್ನು ಕೊಟ್ಟುಬಂದರೂ ಅದರ ಸುಂಕ ನಿಮ್ಮ ತಲೆಗೆ ಬರುತ್ತದೆ. ಹಂಚುವ ಕರಪತ್ರ, ತಿಂದು ಮುಗಿಸುವ ಮಾದರಿಗಳನ್ನು ಇದರಲ್ಲಿ ಸೇರಿಸುವಂತಿಲ್ಲ. ಹೊಸ ಆವಿಷ್ಕಾರವಾಗಿದ್ದರೆ ಪೇಟೆಂಟ್ ಅರ್ಜಿ ಸಲ್ಲಿಸಿದ ಮೇಲೆಯೇ ಜನರಿಗೆ ತೋರಿಸಿ.

ಮೂರನೆಯದು ದರಪಟ್ಟಿ. ಬರಿಯ ಬೆಲೆ ಹೇಳಿದರೆ ಸಾಲದು, ಅದು ಎಲ್ಲಿಯವರೆಗಿನ ಬೆಲೆ ಎಂಬುದು ಮುಖ್ಯ. ಎಫ್‌ಒಬಿ ಎಂದರೆ ನಿಮ್ಮ ಬಂದರಿನಲ್ಲಿ ಹಡಗಿಗೆ ಏರಿಸುವವರೆಗಿನ ಖರ್ಚು ನಿಮ್ಮದು. ಸಿಐಎಫ್ ಎಂದರೆ ಅವರ ಬಂದರಿನವರೆಗಿನ ಸಾಗಣೆ ವೆಚ್ಚ ಮತ್ತು ವಿಮೆಯೂ ನಿಮ್ಮದೇ. ಕನಿಷ್ಠ ಆರ್ಡರ್ ಪ್ರಮಾಣ, ತಯಾರಿಕೆಗೆ ಬೇಕಾದ ದಿನಗಳು, ಸರಕಿನ ಎಚ್‌ಎಸ್ ಕೋಡ್ (ಸುಂಕಕ್ಕಾಗಿ ಸರಕನ್ನು ವರ್ಗೀಕರಿಸುವ ಅಂತರರಾಷ್ಟ್ರೀಯ ಸಂಖ್ಯೆ) ಕೂಡ ಅದೇ ಹಾಳೆಯಲ್ಲಿರಲಿ.

ಮಳಿಗೆಯಲ್ಲಿ ಕನಿಷ್ಠ ಇಬ್ಬರಿರಬೇಕು, ಒಬ್ಬರಿಗಾದರೂ ತಯಾರಿಕೆಯ ಒಳಹೊರಗು ಗೊತ್ತಿರಬೇಕು. ಬಂದವರ ವಿಸಿಟಿಂಗ್ ಕಾರ್ಡ್ ಪಡೆದರೆ ಕೆಲಸ ಮುಗಿಯಲಿಲ್ಲ. ಅವರು ಅತ್ತ ಹೋದ ಕೂಡಲೇ ಕಾರ್ಡಿನ ಹಿಂದೆ ಬರೆದಿಡಿ: ‘ನೀಲಿ ಬಣ್ಣ ಬೇಕು, ಪ್ಯಾಕಿಂಗ್ ಚಿಕ್ಕದಿರಲಿ, ಈಗಿನ ಪೂರೈಕೆದಾರರು ತಡಮಾಡುತ್ತಾರೆ.’ ಸಂಜೆಯ ಹೊತ್ತಿಗೆ ಎಲ್ಲ ಮುಖಗಳೂ ಕಲಸಿಹೋಗಿರುತ್ತವೆ. ಆಗ ನೆರವಿಗೆ ಬರುವುದು ಈ ಎರಡು ಸಾಲು ಮಾತ್ರ.

ಮರಳಿದ ವಾರದೊಳಗೆ ಆ ಸಾಲುಗಳನ್ನೇ ನೆನಪಿಸಿ ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಇಮೇಲ್ ಬರೆಯಿರಿ. ಎಲ್ಲರಿಗೂ ಒಂದೇ ಒಕ್ಕಣೆ ಕಳಿಸಿದರೆ ಓದುವವರಿಲ್ಲ. ಮೊದಲ ಆರ್ಡರ್ ಚಿಕ್ಕದಿದ್ದರೂ ಸಂತೋಷದಿಂದ ಒಪ್ಪಿಕೊಳ್ಳಿ. ಅಪರಿಚಿತರು ಪರಸ್ಪರ ಪರೀಕ್ಷಿಸಿಕೊಳ್ಳುವ ಬಗೆ ಅದು. ಹಣಕ್ಕೆ ಭದ್ರತೆ ಬೇಕೆಂದರೆ ಬ್ಯಾಂಕಿನ ಎಲ್‌ಸಿ (ಲೆಟರ್ ಆಫ್ ಕ್ರೆಡಿಟ್) ಕೇಳಿ; ಷರತ್ತಿನಂತೆ ಕಾಗದಪತ್ರ ಒಪ್ಪಿಸಿದರೆ ಹಣ ಕೊಡುತ್ತೇವೆಂದು ಖರೀದಿದಾರರ ಬ್ಯಾಂಕ್ ಬರೆದುಕೊಡುವ ಭರವಸೆ ಅದು. ಅಲ್ಲಿ ಬ್ಯಾಂಕ್ ಪರಿಶೀಲಿಸುವುದು ಸರಕನ್ನಲ್ಲ, ಕಾಗದಗಳನ್ನು. ಇನ್‌ವಾಯ್ಸ್‌ನಲ್ಲಿ ಸರಕಿನ ವಿವರಣೆ ಎಲ್‌ಸಿಗೆ ಹೊಂದದಿದ್ದರೂ ಪಾವತಿ ತಡೆಹಿಡಿಯಬಹುದು. ಆದ್ದರಿಂದ ಎಲ್‌ಸಿ ಕೈಸೇರಿದ ದಿನವೇ ಸಾಲು ಸಾಲಾಗಿ ಓದಿ, ಪೂರೈಸಲಾಗದ ಷರತ್ತು ಇದ್ದರೆ ಸರಕು ಹಡಗು ಹತ್ತುವ ಮೊದಲೇ ತಿದ್ದುಪಡಿ ಮಾಡಿಸಿಕೊಳ್ಳಿ.